ಡಬ್ಬಿ ಹಾಕಿದ ದಿನ

ಅಣ್ಣಾರು ಕೂತದ್ದನ್ನು ನಾನು ನೋಡಿರುವುದು ಎರಡೇ ಸಲ. ಹನ್ನೊಂದು ವರ್ಷದ ಪರಿಚಯದಲ್ಲಿ ಎರಡು ಸಲ ಅಂದರೆ ಯಾರೂ ನಂಬಲಿಕ್ಕಿಲ್ಲ. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುವುದು, ಪರೀಕ್ಷೆ ಅರ್ಜಿ ತುಂಬುವುದು, ಟೈಪಿಂಗು, ಲ್ಯಾಮಿನೇಷನ್ನು ಎಲ್ಲಾ ಅಲ್ಲೇ. ಮೂರು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಟೂಲು ಇವೆ. "ಕೂತ್ಕಳ್ರಿ ಅಣ್ಣಾರೆ" ಅಂದರೆ, "ಕೂತೆ ಅಂದ್ರೆ ಎಲ್ಲೋ ಒಂದು ಲೈನು ಬೀಳ್ತೈತೆ ತಂಗಿ" ಅನ್ನುವರು. ನಿಂತೇ ಚಾ, ನಿಂತೇ ಮಂಡಕ್ಕಿ. ಒಂದು ಚಪ್ಪಲಿಯಲ್ಲಿ ಪೂರ್ತಿ ಕಾಲು, ಇನ್ನೊಂದರಲ್ಲಿ ಅರ್ಧ. ಆ ಅರ್ಧ ಕಾಲಿನ ಹಿಮ್ಮಡಿ ಒಂದೇ ಸಮ ಕುಣಿಯುತ್ತಿರುತ್ತಿತ್ತು. ಅದು ನಿಂತರೆ ಏನೋ ಆಗಿದೆ ಅಂತ ಲೆಕ್ಕ.

ಅವರು ಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಚನ್ನಗಿರಿಯಲ್ಲಿ ಒಂದಷ್ಟು ವರ್ಷ, ಜಗಳೂರಿನಲ್ಲಿ ಒಂದಷ್ಟು, ಕೊನೆಗೆ ಹೊನ್ನಾಳಿ. ಮನೆ ನ್ಯಾಮತಿ. ನಿವೃತ್ತಿಯಾದ ಮೇಲೂ ನಾಲ್ಕೂ ತಾಲ್ಲೂಕಿನಿಂದ ಫೋನು ಬರುತ್ತಿತ್ತು, "ಅಣ್ಣಾರೆ, ನೆಟ್ ಬರ್ತಿಲ್ಲ, ಒಂಚೂರು ಬಂದು ಹೋಗ್ರಿ" ಅಂತ. ತಮ್ಮ ಮೊಪೆಡ್ ಹತ್ತಿ ಹೊರಟೇಬಿಡುವರು. ಬೆಳಿಗ್ಗೆ ಸವಳಂಗ, ಮಧ್ಯಾಹ್ನ ಸಾಸ್ವೆಹಳ್ಳಿ, ಸಂಜೆಗೆ ನನ್ನ ಅಂಗಡಿ. ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಸುಲಿದು ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಬಿದ್ದಿತ್ತು. ನಕ್ಕಾಗ ಅದೇ ಮೊದಲು ಕಾಣುವುದು. ಯಾರ ಮನೆಗೆ ಹೋದರೂ ದೇವರ ಫೋಟೋ ನೋಡುವ ಮೊದಲು ಗೋಡೆ ಮೇಲಿನ ವೈರಿಗೆ ಬೆರಳು ಹಚ್ಚಿ, ಅದು ಹೋದ ದಾರಿಯಲ್ಲೇ ತಾವೂ ನಡೆದು ಹೋಗುವರು. ಒಂದು ಸಲ ಹಾಗೇ ನಡೆದು ಯಾರದೋ ಬಚ್ಚಲುಮನೆ ಬಾಗಿಲಿಗೆ ಹೋಗಿ ನಿಂತಿದ್ದರಂತೆ. ಒಳಗಿದ್ದ ಅಜ್ಜಿ ಚೊಂಬು ಎಸೆದದ್ದು ನ್ಯಾಮತಿಯಲ್ಲಿ ಇವತ್ತಿಗೂ ಹೇಳುತ್ತಾರೆ.

"ಒಂದೊಂದು ಊರಿನ ವೈರಿಗೆ ಒಂದೊಂದು ಗುಣ ತಂಗಿ," ಅನ್ನುವರು. "ಜಗಳೂರಿನ ವೈರು ಮಧ್ಯಾಹ್ನ ಕೈ ಕೊಡ್ತೈತೆ, ಬಿಸಿಲಿಗೆ ಮೇಲಿನ ಸಿಪ್ಪೆ ಬಿರಿತೈತೆ. ನಿಮ್ಮ ಹೊನ್ನಾಳಿದು ಬೆಳಿಗ್ಗೆ ಕೈ ಕೊಡ್ತೈತೆ, ಹೊಳೆ ತಂಪು ಕುಡಿದಿರ್ತೈತೆ. ಚನ್ನಗಿರೀದು ಮಾತ್ರ ಯಾವಾಗ ಕೈ ಕೊಡ್ತೈತೋ ಅದಕ್ಕೇ ಗೊತ್ತಿಲ್ಲ."

ನನಗೂ ಒಂದು ಚಟ ಇದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ನಾನು ದಿನವೂ ಬರೆಯುತ್ತೇನೆ. ಉದ್ದನೆಯ ನೋಟ್‌ಬುಕ್ಕಿನಲ್ಲಿ, ದಿನಕ್ಕೆ ನಾಲ್ಕೈದು ಸಾಲು. ಕರೆಂಟು ಎಷ್ಟು ಗಂಟೆಗೆ ಹೋಯಿತು, ನೆಟ್ ಲೈನು ಎಷ್ಟು ಸಲ ಬಿತ್ತು, ಯಾವಾಗ ಎದ್ದಿತು. ಶುರು ಮಾಡಿದ್ದು ಜಗಳ ತಪ್ಪಿಸಲಿಕ್ಕೆ. "ನಿನ್ನೆ ಹನ್ನೆರಡಕ್ಕೆ ಬಂದಿದ್ದೆ, ನೀವು ಲೈನಿಲ್ಲ ಅಂತ ಸುಳ್ಳು ಹೇಳಿ ಕಳಿಸಿದ್ರಿ, ನನ್ನ ಮಗಳ ಅರ್ಜಿ ತಪ್ಪಿಹೋತು" ಅಂತ ಒಬ್ಬರು ರಂಪ ಮಾಡಿದ್ದರು. ಅವತ್ತಿನಿಂದ ಬರೆದಿಟ್ಟೆ. ಆಮೇಲೆ ಅದರಲ್ಲೇ ಹಾಲು ಒಡೆದದ್ದು, ಅತ್ತೆಯ ಕಾಲುನೋವು, ಹೂವಿನವಳು ಬಾರದ್ದು ಎಲ್ಲಾ ಸೇರಿಕೊಂಡವು. ಅಂಗಡಿಯ ಕಟ್ಟೆ ಮೇಲೆ ಮೇಜು ಹಾಕಿಕೊಂಡು ಕೂರುವ ಬಾಂಡ್ ರೈಟರ್ ಮಾವಯ್ಯ ಒಬ್ಬರಿದ್ದಾರೆ, ಕ್ರಯಪತ್ರ, ಭೋಗ್ಯಪತ್ರ ಬರೆದುಕೊಡುವವರು. ಅವರು ಇದನ್ನು "ಅಕ್ಕನ ಪುರಾಣ" ಅನ್ನುತ್ತಾರೆ. "ಇವತ್ತು ನಾನು ಎಷ್ಟು ಸಲ ಸೀನಿದೆ ಅಂತಲೂ ಬರಕಳವ್ವ," ಅಂತ ಕಿಚಾಯಿಸುತ್ತಾರೆ.

ಆಗೆಲ್ಲ ನನ್ನ ಅಂಗಡಿಯ ಲೈನು ದಿನಕ್ಕೆ ಎಂಟು ಸಲ, ಒಂಬತ್ತು ಸಲ ಬೀಳುತ್ತಿತ್ತು. ಅರ್ಜಿಯ ಕೊನೇ ಪುಟಕ್ಕೆ ಬಂದಿರುತ್ತೇವೆ, ಫೋಟೋ ಏರುತ್ತಿರುತ್ತದೆ, ಢಮಾರ್. ಯಾಕೆ ಹೀಗೆ ಅಂತ ಅಣ್ಣಾರು ಒಂದು ದಿನ ಮಾವಯ್ಯನಿಗೆ ಬಿಡಿಸಿ ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ಮಾವಯ್ಯಾರೆ, ನೀವು ಸೂರಗೊಂಡನಕೊಪ್ಪದ ಜಾತ್ರೆಗೆ ನಡಕೊಂಡು ಹೋಗೋರನ್ನ ನೋಡೀರಲ್ಲ? ಇಬ್ಬರು ಜೊತೆಗೆ ನಡೀಬೇಕಂದ್ರೆ ಮೊದಲು ಏನು ಮಾಡ್ತಾರೆ? ನೀನು ಎಷ್ಟು ಜೋರು ನಡೀತೀಯಪ್ಪ ಅಂತ ಒಬ್ಬರನ್ನೊಬ್ಬರು ಕೇಳ್ಕಂತಾರೆ. ಕಮ್ಮಿ ನಡಿಯೋನ ಲೆಕ್ಕಕ್ಕೆ ಹೊಂದಿಸ್ಕಂತಾರೆ. ವೈರಿನ ಈ ತುದಿ ಮೋಡೆಮ್ ಪೆಟ್ಟಿಗೆ, ಆ ತುದಿ ಎಕ್ಸ್‌ಚೇಂಜಿನ ಪೆಟ್ಟಿಗೇನೂ ಹಂಗೇ. ಜೋಡಿಸಿದ ಕೂಡ್ಲೇ ನೀನೆಷ್ಟು ನಾನೆಷ್ಟು ಅಂತ ಮಾತಾಡ್ಕೊಂಡು ಒಂದು ಸ್ಪೀಡಿಗೆ ಒಪ್ಕಂತಾವೆ."

"ಆತಲ್ಲ, ಒಪ್ಪಂದ ಆದಮ್ಯಾಲೆ ಯಾಕೆ ಬೀಳ್ತಾವೆ?"

"ಇಬ್ಬರೂ ಗಟ್ಟಿ ಆಳುಗಳೇ. ಆದ್ರೆ ರಸ್ತೆ ಕೆಸರು. ಅದನ್ನ ಯಾರೂ ಕೇಳಂಗಿಲ್ಲ. ಓಡ್ತಾರೆ, ಬೀಳ್ತಾರೆ. ಎದ್ದು ಮತ್ತೆ ಮೊದಲಿಂದ ನಮಸ್ಕಾರ, ನೀನೆಷ್ಟು ನಾನೆಷ್ಟು, ಮತ್ತೆ ಅದೇ ಸ್ಪೀಡು, ಮತ್ತೆ ಅದೇ ಜಾಗದಾಗೆ ದಬಕ್ ಅಂತ ಬೀಳ್ತಾರೆ. ನಿನ್ನೆ ಇಲ್ಲೇ ಜಾರಿದ್ವಿ ಅನ್ನೋ ನೆನಪೇ ಇಲ್ಲ ಅವಕ್ಕೆ. ನಾನು ಒಂದು ಡಬ್ಬಿ ಮಾಡೀನಿ. ಅದು ನೆನಪಿಟ್ಕಂತೈತೆ. ಬೆಳಿಗ್ಗೆ ಏಳಕ್ಕೆ ಈ ವೈರು ಇಷ್ಟೇ ತಡೀತೈತೆ, ಹನ್ನೊಂದಕ್ಕೆ ಇಷ್ಟು ತಡೀತೈತೆ ಅಂತ. ಮಾತುಕತೆಗೆ ಕೂತಾಗ ನನ್ನ ಶಕ್ತಿ ಹತ್ತಾದ್ರೂ ಇವತ್ತು ನಾಲ್ಕು ಅಂತ್ಲೇ ಹೇಳ್ತೈತೆ. ಆಮೇಲೆ ರಸ್ತೆ ನೋಡ್ಕೊಂಡು ನಿಧಾನಕ್ಕೆ ಏರಿಸ್ತೈತೆ."

ಮಾವಯ್ಯ ಎಲೆಯಡಿಕೆ ಉಗಿದು ಬಂದು ಹೇಳಿದರು: "ಇದರಾಗೆ ಹೊಸದೇನೈತ್ರೀ? ಬಿದ್ದ ಜಾಗ ನೆನಪಿಟ್ಕೊಳ್ಳೋದು ಎಮ್ಮೆಗೂ ಗೊತ್ತು."

ಅಣ್ಣಾರು ಕಚ್ಚು ಬಿದ್ದ ಹಲ್ಲು ಕಾಣುವ ಹಾಗೆ ನಕ್ಕರು. "ಎಮ್ಮೆಗೆ ಗೊತ್ತು ಮಾವಯ್ಯಾರೆ, ಪೆಟ್ಟಿಗೆಗೆ ಗೊತ್ತಿಲ್ಲ. ಅದನ್ನೇ ಕಲಿಸಿದ್ದು."

ಡಬ್ಬಿ ಅಂದರೆ ನಿಜವಾಗಿಯೂ ಡಬ್ಬಿಯೇ. ಅವರ ಹೆಂಡತಿ, ನಾನು ಅಕ್ಕಾರು ಅನ್ನುತ್ತೇನೆ, ಚಪಾತಿ ಹಾಕಿಡುತ್ತಿದ್ದ ಸ್ಟೀಲಿನ ದುಂಡು ಡಬ್ಬಿ. ಮುಚ್ಚಳಕ್ಕೆ ತೂತು ಹೊಡೆದು ವೈರು ತೂರಿಸಿ, ಒಂದು ಸಣ್ಣ ಹಸಿರು ದೀಪ ಇಟ್ಟಿದ್ದರು. ಒಂದು ಮಾರ್ಚ್ ತಿಂಗಳ ಕೊನೆಯಲ್ಲಿ ಅದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು, "ಇದು ನಿಮ್ಮ ಅಂಗಡೀಲೇ ಇರಲಿ" ಅಂದರು. ಅವತ್ತಿನ ಪುಟದಲ್ಲಿ ನಾನು ಬರೆದೆ: "ಅಣ್ಣಾರು ಡಬ್ಬಿ ತಂದರು. ಚಪಾತಿ ಡಬ್ಬಿ. ಅಕ್ಕಾರು ಬೈದಿರಬೇಕು." ಅಲ್ಲಿಂದ ಮುಂದೆ ನನ್ನ ಲೈನು ದಿನಕ್ಕೆ ಒಂದು ಸಲ ಬಿದ್ದರೆ ಹೆಚ್ಚು. ಆಮೇಲೆ ಚನ್ನಗಿರಿಯ ಒಂದು ಔಷಧಿ ಅಂಗಡಿಗೆ, ಜಗಳೂರಿನ ಒಂದು ಶಾಲೆಗೆ ಹಾಕಿದರು. ಕೇಳಿದವರಿಗೆಲ್ಲ ಬಿಚ್ಚಿ ತೋರಿಸಿದರು. ಗುಟ್ಟು ಇಟ್ಟುಕೊಳ್ಳಬೇಕು ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ನಮ್ಮ ಕಡೆ ಹೊಸ ಸಾರು ಮಾಡಿದರೆ ಮೊದಲು ಪಕ್ಕದ ಮನೆಗೆ ಒಂದು ಬಟ್ಟಲು ಕೊಟ್ಟು, ಹೆಂಗೈತೆ ಅಂತ ಕೇಳಿ, ಆಮೇಲೆ ತಾವು ಉಣ್ಣುವವರಲ್ಲವೇ. ಹಾಗೇ.

ಪೇಟೆಂಟಿನ ಮಾತು ಬಂದದ್ದು ಜಗಳೂರಿನಿಂದ. ಅಲ್ಲಿಯ ಒಬ್ಬ ಹುಡುಗಿ ಚೆನ್ನೈಯಲ್ಲಿ ವಕೀಲಳಾಗಿದ್ದಳು, ಊರಿಗೆ ಬಂದಾಗ ಶಾಲೆಯ ಡಬ್ಬಿ ನೋಡಿ ಅಣ್ಣಾರ ನಂಬರು ಹುಡುಕಿ ಫೋನು ಮಾಡಿದಳು. ಒಂದು ವಸ್ತುವನ್ನು ಮೊದಲು ಕಂಡುಹಿಡಿದವನು ಇವನೇ ಎಂದು ಸರ್ಕಾರ ಕೊಡುವ ಹಕ್ಕುಪತ್ರ ಅದು, ಅರ್ಜಿ ಹಾಕಿ ಅಂತ ಹೇಳಿದಳು. ಅರ್ಜಿಯನ್ನು ಅವಳು ಹೇಳಿದ ಹಾಗೆ ಟೈಪು ಮಾಡಿದ್ದು ನಾನು. ಕಳಿಸಿದ್ದು ಡಬ್ಬಿ ನನ್ನ ಮೇಜಿಗೆ ಬಂದ ಮರುವರ್ಷದ ಮಾರ್ಚ್ ನಡುವೆ. 'ಕಂಡುಹಿಡಿದವರು' ಅನ್ನುವ ಕಾಲಮ್ಮಿನಲ್ಲಿ ಅವರ ಹೆಸರು ಹೊಡೆದಾಗ ಅಣ್ಣಾರು ಕಂಪ್ಯೂಟರಿನ ಹತ್ತಿರ ಬಗ್ಗಿ ನೋಡಿದರು. ಮತ್ತೆ ಹೊರಗೆ ಹೋಗಿ ಬಂದು ಇನ್ನೊಂದು ಸಲ ನೋಡಿದರು.

"ಮೂವತ್ತು ವರ್ಷ ಮೇಲಿನವರಿಗೆ ಕಾಗದ ಬರ್ದೆ ತಂಗಿ, ಇಂಥಾ ಕಡೆ ಇಂಥಾ ತೊಂದರೆ ಐತೆ, ಹಿಂಗೆ ಮಾಡಿದ್ರೆ ಸರಿಯಾಗ್ತೈತೆ ಅಂತ. ಒಂದಕ್ಕೂ ಉತ್ತರ ಬರಲಿಲ್ಲ. ಲೈನ್‌ಮನ್ ಏನು ಬರೀತಾನೆ ಅಂತ. ನಾ ಸತ್ತ ಮ್ಯಾಲೆ ಫೋಟೋಕ್ಕೆ ಹಾರ ಬ್ಯಾಡ. ಇದು ಇವನು ಕಂಡಿದ್ದು ಅಂತ ಒಂದು ಕಾಗದ ಇದ್ರೆ ಸಾಕು. ಗೋಡೆಗೆ ಅದನ್ನೇ ಹಾಕ್ಲಿ."

ಇಷ್ಟೇ ಅವರ ಆಸೆ. ಡಬ್ಬಿ ಮಾರಿ ದೊಡ್ಡವರಾಗುವ ಯೋಚನೆ ಅವರಿಗೆ ಬಂದದ್ದೇ ಇಲ್ಲ.

ಮೂರನೇ ವರ್ಷ ಪೇಟೆಂಟ್ ಕಚೇರಿಯಿಂದ ಉತ್ತರ ಬಂತು. ತಿರಸ್ಕಾರ. ಹದಿನೆಂಟು ಪುಟ. ಒಂದು, ಇದು ಬರೀ ಕಂಪ್ಯೂಟರ್ ಪ್ರೋಗ್ರಾಂ, ವಸ್ತುವಲ್ಲ. ಎರಡು, ಪರದೇಶದಲ್ಲಿ ಹಿಂದೆಯೇ ಇಂಥದ್ದೊಂದಿದೆ, ಇದರಲ್ಲಿ ಹೊಸದಿಲ್ಲ. ವಕೀಲಮ್ಮ ಫೋನಿನಲ್ಲಿ ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಮಾವಯ್ಯ ಕಟ್ಟೆಯಿಂದಲೇ ಕೂಗಿದರು, "ನಾನು ಎಮ್ಮೆ ಲೆಕ್ಕದಾಗೆ ಒಂದೇ ಮಾತಿಗೆ ಹೇಳಿದ್ದೆ, ಅವರಿಗೆ ಹದಿನೆಂಟು ಪುಟ ಬೇಕಾತು ನೋಡ್ರಿ!" ಯಾರೂ ನಗಲಿಲ್ಲ. ಮಾವಯ್ಯನೂ ನಗಲಿಲ್ಲ. ಹೋಗಿ ಅಣ್ಣಾರಿಗೆ ಚಾ ತಂದುಕೊಟ್ಟರು.

ಮೇಲ್ಮನವಿ ಹಾಕಲಿಕ್ಕೆ ಮೂರು ತಿಂಗಳು. ಚೆನ್ನೈಯ ಕೋರ್ಟಿಗೆ. ಆ ಮೂರು ತಿಂಗಳು ಅಣ್ಣಾರು ಯಾವ ಊರಿನಲ್ಲೂ ನಿಲ್ಲಲಿಲ್ಲ. ಬೆಳಿಗ್ಗೆ ಜಗಳೂರಿನಿಂದ ಫೋನು ಮಾಡಿ "ಚೆನ್ನೈಯಿಂದ ಏನಾದ್ರೂ ಬಂತಾ" ಅನ್ನುವರು, ಮಧ್ಯಾಹ್ನ ಚನ್ನಗಿರಿಯಿಂದ ಅದೇ ಪ್ರಶ್ನೆ, ಸಂಜೆ ಖುದ್ದು ಬಂದು ಅದೇ ಪ್ರಶ್ನೆ. "ಮೇಲ್ ಬಂದ್ರೆ ನಾನೇ ಹೇಳ್ತೀನಲ್ರೀ ಅಣ್ಣಾರೆ" ಅಂದರೆ, "ನೀವು ನೋಡದೇ ಇರುವಾಗ ಬಂದಿದ್ರೆ?" ಅನ್ನುವರು. ಅವರ ಚಡಪಡಿಕೆ ನನಗೂ ಅಂಟಿತು. ಒಗ್ಗರಣೆಗೆ ಸಾಸಿವೆ ಹಾಕಿ ಮೇಲ್ ನೋಡಲು ಬಂದು ಸೀದಿಸಿದ್ದೇನೆ, ಅದೂ ನೋಟ್‌ಬುಕ್ಕಿನಲ್ಲಿದೆ.

ಒಂದು ದಿನ ವಕೀಲಮ್ಮ ಹೇಳಿದಳು: "ಇದರಿಂದ ವೈರಿಗೆ ನಿಜವಾಗಿ ಉಪಯೋಗ ಆಗೈತೆ ಅಂತ ತೋರ್ಸಾಕೆ ಏನಾದ್ರೂ ಬೇಕು. ಹಾಕೋಕೆ ಮುಂಚೆ ಎಷ್ಟು ಸಲ ಬೀಳ್ತಿತ್ತು, ಹಾಕಿದ ಮೇಲೆ ಎಷ್ಟು ಸಲ ಬಿತ್ತು. ಬರೆದಿಟ್ಟೋರು ಯಾರಾದ್ರೂ ಇದಾರಾ?"

ನಾನು ಸ್ಟೂಲಿನ ಮೇಲಿಂದ ಎದ್ದೇ ನಿಂತೆ. "ನನ್ನ ನೋಟ್‌ಬುಕ್ ಐತಲ್ಲಮ್ಮ!" ಅಂದೆ. ಆ ಹೆಮ್ಮೆ ಈಗ ನೆನೆದರೆ ಮೈ ಮುದುಡುತ್ತದೆ. ಇಷ್ಟು ವರ್ಷ ಎಲ್ಲರೂ ನಕ್ಕ ನನ್ನ ಪುರಾಣ ಕೋರ್ಟಿಗೆ ಹೋಗುತ್ತದೆ!

ಫೋನು ಸ್ಪೀಕರಿನಲ್ಲಿತ್ತು. "ಡಬ್ಬಿ ಯಾವಾಗಿಂದ ಬಳಕೇಲಿ ಐತೆ ಅಕ್ಕ?" ಅಂದಳು.

ಪುಟ ತಿರುವಿ ಮಾರ್ಚ್ ಕೊನೆಯ ತಾರೀಖು ಓದಿ ಹೇಳಿದೆ. ಆ ಕಡೆ ಲೆಕ್ಕ ಹಾಕಿದ ಸದ್ದು, ಆಮೇಲೆ ನಿಟ್ಟುಸಿರು. "ಸದ್ಯ. ಅರ್ಜಿಗಿಂತ ಹಿಂದಿನ ಒಂದು ವರ್ಷದ ಒಳಗೇ ಐತೆ. ಪರೀಕ್ಷೆ ಮಾಡಾಕೆ ಅಂತ ಹೊರಗೆ ಹಾಕಿದ್ರೆ ಒಂದು ವರ್ಷದವರೆಗೆ ಕಾನೂನು ಮನ್ನಿಸ್ತೈತೆ. ಅದಕ್ಕಿಂತ ಹಿಂದೇನೇ ನಾಲ್ಕು ಜನರ ನಡುವೆ ಬಳಕೇಲಿತ್ತು ಅಂತ ಗೊತ್ತಾದ್ರೆ ಮುಗೀತು, ಎಷ್ಟು ಹೊಸದಾದ್ರೂ ಹಕ್ಕು ಸಿಗಲ್ಲ."

ಅಣ್ಣಾರು ಬಾಗಿಲಿಗೆ ಒರಗಿಕೊಂಡು ನಿಂತಿದ್ದರು. ಅವರ ಹಿಮ್ಮಡಿ ನಿಂತಿತ್ತು. ನಾನು ಅದನ್ನು ನೋಡಿದೆ. ಸಂತೋಷಕ್ಕೆ ನಿಂತಿದೆ ಅಂದುಕೊಂಡೆ.

ಮರುದಿನ ಬಂದು, "ನೋಟ್‌ಬುಕ್ಕು ಒಂದು ವಾರ ಕೊಡ್ರಿ ತಂಗಿ. ಕೋರ್ಟಿಗೆ ಹೋಗೋ ಮುಂಚೆ ಒಂದ್ಸಲ ಪೂರ್ತಿ ನೋಡ್ತೀನಿ" ಅಂದರು. "ಅದರಾಗೆ ನಮ್ಮತ್ತೆ ಬಗ್ಗೆ ಬರ್ದಿರೋದು ಓದಬ್ಯಾಡ್ರಿ" ಅಂದೆ. "ಅದನ್ನೇ ಮೊದಲು ಓದ್ತೀನಿ" ಅಂದು ಬಟ್ಟೆಚೀಲದಲ್ಲಿ ಇಟ್ಟುಕೊಂಡು ಹೋದರು.

ವಾರ ಬಿಟ್ಟು ತಂದಾಗಲೇ ಅವರು ಮೊದಲ ಸಲ ಕೂತದ್ದು. ಪ್ರತಿ ಪುಟದ ಜೆರಾಕ್ಸಿಗೂ ಅವರ ಸಹಿ ಬೇಕಿತ್ತು. ಇನ್ನೂರಕ್ಕೂ ಮೇಲೆ ಪುಟ. ನಾನು ನೋಟ್‌ಬುಕ್ಕನ್ನು ಗಾಜಿನ ಮೇಲೆ ಬೋರಲು ಹಾಕುವುದು, ಹಾಳೆ ಬಂದ ಹಾಗೆ ಅವರ ಮುಂದೆ ಸರಿಸುವುದು, ಅವರು ಸಹಿ ಹಾಕುವುದು. ಬಾಗಿಲಲ್ಲಿ ಗಿರಾಕಿಗಳು, ನನಗೆ ಒಂದು ಪುಟವನ್ನೂ ಓದುವ ಪುರುಸೊತ್ತಿಲ್ಲ. ಅಣ್ಣಾರು ಮಾತ್ರ ಪ್ರತಿಯೊಂದನ್ನೂ ಮೇಲಿಂದ ಕೆಳಗೆ ಓದಿ, ಆಮೇಲೆ ಸಹಿ. ಎರಡು ಗಂಟೆ ಅಲ್ಲಾಡದೆ ಕೂತಿದ್ದರು. ಮಾವಯ್ಯ ಒಳಗೆ ಇಣುಕಿ, "ಅಣ್ಣಾರಿಗೆ ಏನಾಗೈತವ್ವ, ಕುಂತಾರಲ್ಲ!" ಅಂದರು.

ವಿಚಾರಣೆ ವಿಡಿಯೋದಲ್ಲಿ. ಚೆನ್ನೈಗೆ ಹೋಗುವುದು ಬೇಕಿರಲಿಲ್ಲ, ನನ್ನ ಅಂಗಡಿಯ ಕಂಪ್ಯೂಟರಿನಲ್ಲೇ ನೋಡಬಹುದಿತ್ತು. ಅವತ್ತು ಗಿರಾಕಿಗಳನ್ನು ಒಳಗೆ ಬಿಡಲಿಲ್ಲ. ನ್ಯಾಮತಿಯಿಂದ ಅಕ್ಕಾರೂ ಬಂದಿದ್ದರು, ತಲೆಗೆ ಹೂವು ಮುಡಿದುಕೊಂಡು. ಮಾತೆಲ್ಲ ಇಂಗ್ಲಿಷು. ನ್ಯಾಯಾಧೀಶರು ಏನೋ ಕೇಳುವುದು, ನಮ್ಮ ಹುಡುಗಿ ಕೈ ಆಡಿಸಿ ಏನೋ ಹೇಳುವುದು, ಎದುರಿನ ವಕೀಲರು ಹಾಳೆ ತಿರುವುವುದು. ಅಣ್ಣಾರು ಪರದೆ ಕಡೆ ತಲೆಯನ್ನೇ ಹಾಕಲಿಲ್ಲ. ಮೇಜಿನ ತುದಿಯಲ್ಲಿದ್ದ ಡಬ್ಬಿಯ ಹಸಿರು ದೀಪವನ್ನೇ ನೋಡುತ್ತಾ ನಿಂತಿದ್ದರು.

"ಅಣ್ಣಾರೆ, ಜಡ್ಜ್ ಸಾಹೇಬ್ರು ಈ ಕಡೆ ಇದಾರೆ," ಅಂದರು ಮಾವಯ್ಯ.

"ಇರಲಿ ಬಿಡ್ರಿ. ಇದು ಬಿದ್ರೆ ಅವರೂ ಇಲ್ಲ."

ಒಂದೂವರೆ ಗಂಟೆ. ಲೈನು ಒಂದು ಸಲವೂ ಬೀಳಲಿಲ್ಲ. ಹೊರಗೆ ಸೋನೆ ಮಳೆ, ವೈರೆಲ್ಲ ತೊಯ್ದು ತೊಪ್ಪೆ. "ನೋಡ್ರಿ, ಸಾಕ್ಷಿ ಅಲ್ಲೇ ಐತೆ, ಅವರಿಗೆ ಕಾಣ್ತಿಲ್ಲ ಅಷ್ಟೆ" ಅಂದರು ಅಕ್ಕಾರು.

ತೀರ್ಪು ಬರಲು ಮತ್ತೆರಡು ತಿಂಗಳು. ಆ ದಿನ ವಕೀಲಮ್ಮ ಫೋನು ಮಾಡಿದಾಗ ಅಣ್ಣಾರು ಕಟ್ಟೆ ಮೇಲಿದ್ದರು. ಕರೆದೆ. ಸ್ಪೀಕರು ಹಾಕಿದೆ.

"ಅಣ್ಣಾರೆ, ನಾವು ಹೊಡೆದಾಡಿದ ಎರಡೂ ಮಾತು ನಮ್ಮ ಕಡೆಗೇ ಆಗೈತೆ. ಇದು ಬರೀ ಪ್ರೋಗ್ರಾಂ ಅಲ್ಲ ಅಂದಿದಾರೆ. ಪರದೇಶದ್ದಕ್ಕಿಂತ ಇದು ಬೇರೆ, ಹೊಸ ವಿಚಾರ ಅಂದಿದಾರೆ..."

ಮಾವಯ್ಯ "ಭಲೇ!" ಅಂದು ಮೇಜು ಗುದ್ದಿದರು. ಅಣ್ಣಾರು ಕೈ ಎತ್ತಿ ಸುಮ್ಮನಿರಿಸಿದರು. ಹುಡುಗಿಯ ದನಿ ಅವರಿಗೆ ಅರ್ಥವಾಗಿತ್ತು.

"ಆದ್ರೆ ಕೊಟ್ಟಿಲ್ಲ ಅಣ್ಣಾರೆ. ಅಕ್ಕನ ನೋಟ್‌ಬುಕ್ಕಿನಲ್ಲಿ ಜನವರಿಯ ಒಂದು ಪುಟದಾಗೆ ಡಬ್ಬಿ ಹಾಕಿದ್ದು ಬರೆದೈತೆ. ಅರ್ಜಿಗಿಂತ ಹದಿನಾಲ್ಕು ತಿಂಗಳು ಹಿಂದೆ. ಅನುವಾದದಾಗೆ ಆ ಕಡೆ ವಕೀಲರು ಹಿಡಿದ್ರು. ಎರಡು ತಿಂಗಳಿಗೆ ಹೋತು. ನಾನು ಇನ್ನೂರು ಪುಟದಾಗೆ ಅದೊಂದು ನೋಡಲಿಲ್ಲ. ನೋಡಿದ್ರೆ..."

ಆಗ ಅಣ್ಣಾರು ಎರಡನೇ ಸಲ ಕೂತರು. ಸ್ಟೂಲಿನ ಮೇಲೆ, ಎರಡೂ ಚಪ್ಪಲಿಯಲ್ಲಿ ಪೂರ್ತಿ ಕಾಲಿಟ್ಟು. "ಹೊಸ ವಿಚಾರ ಅಂದಿದಾರೆ ಅಂದ್ಯಲ್ಲಮ್ಮ, ಅದನ್ನ ಇನ್ನೊಂದ್ಸಲ ಓದು" ಅಂದರು. ಅವಳು ಇಂಗ್ಲಿಷಿನಲ್ಲಿ ಓದಿದಳು, ಕನ್ನಡದಲ್ಲಿ ಹೇಳಿದಳು. "ಇನ್ನೊಂದ್ಸಲ" ಅಂದರು. ಮತ್ತೆ ಓದಿದಳು. ಆಮೇಲೆ ಎದ್ದು, "ಜಗಳೂರಿನಾಗೆ ಶಾಲೆ ಲೈನು ಬಿದ್ದೈತಂತೆ" ಅಂತ ಹೊರಟುಹೋದರು.

ನನ್ನ ಕಥೆ ಹೇಳಬಾರದು, ಇದು ಅವರ ಚಿತ್ರ. ಆದರೂ ಇಷ್ಟು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವತ್ತು ಸಂಜೆಯೇ ಆ ನೋಟ್‌ಬುಕ್ಕನ್ನು ಹಳೇ ಸೀರೆ ತುಂಡಿನಲ್ಲಿ ಕಟ್ಟಿ ಅಟ್ಟದ ಮೇಲೆ ಹಾಕಿದೆ. ಮಾರ್ಚ್ ಅಂತ ಬಾಯಲ್ಲಿ ಹೇಳಿದವಳೂ ನಾನೇ, ಜನವರಿ ಅಂತ ಬರೆದವಳೂ ನಾನೇ. ಯಾವಾಗ ಬರೆದೆ? ನೆನಪಾಗಲಿಲ್ಲ. ಆದರೆ ಊರಿನವರ ಸೀನನ್ನೂ ಬರೆಯುವವಳು, ಬರೆದೇ ಇರುತ್ತೇನೆ. ನಾನು ಮುಂದೆ ಬಿದ್ದು "ನನ್ನ ನೋಟ್‌ಬುಕ್ ಐತಲ್ಲ" ಅನ್ನದಿದ್ದರೆ ಆ ಮನುಷ್ಯನ ಗೋಡೆ ಮೇಲೆ ಕಾಗದ ಇರುತ್ತಿತ್ತು. ಹಾಲು ಕಾಯಿಸುವಾಗ ಅದೇ, ಬಟ್ಟೆ ಹಿಂಡುವಾಗ ಅದೇ. ತೆಗೆದು ನೋಡುವ ಧೈರ್ಯ ಮಾತ್ರ ಬರಲಿಲ್ಲ. ನನ್ನದೇ ಅಕ್ಷರ ನನ್ನ ಕಣ್ಣಿಗೆ ಬೀಳುವುದು ಬೇಡವಾಗಿತ್ತು.

ಅಣ್ಣಾರ ಹತ್ತಿರ ತಪ್ಪಾಯಿತು ಅಂತ ಎಷ್ಟು ಸಲ ಹೇಳಿದ್ದೇನೋ. ಒಂದೊಂದು ಸಲ ಒಂದೊಂದು ಉತ್ತರ. "ಹೋಗ್ಲಿ ಬಿಡ್ರಿ, ಲೈನಂತೂ ಎದ್ದೈತಲ್ಲ." "ಚಾ ಹೇಳ್ರಿ ಮೊದಲು." ಒಂದು ಸಲ ಮಾತ್ರ ಸ್ವಲ್ಪ ಸಿಟ್ಟಿನಿಂದಲೇ, "ಅದೇನು ಒಂದೇ ಸಮ ತಪ್ಪು ತಪ್ಪು ಅಂತೀರಿ? ನಿಮ್ಮ ನೋಟ್‌ಬುಕ್ಕು ಸುಳ್ಳು ಹೇಳಿಲ್ಲ ತಂಗಿ. ಅಷ್ಟು ಗೊತ್ತಿರಲಿ" ಅಂದರು. ನನ್ನನ್ನು ಸಮಾಧಾನ ಮಾಡಲಿಕ್ಕೆ ಅಂದದ್ದು ಅಂದುಕೊಂಡೆ. ಅದರಿಂದ ಸಂಕಟ ಇನ್ನಷ್ಟು ಹೆಚ್ಚಿತು.

ಆಮೇಲೆ ಅವರ ಓಡಾಟ ಕಮ್ಮಿಯಾಯಿತು. ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿತ್ತು, ಮೊಪೆಡ್ಡು ಮಾರಿದರು. ಬಸ್ಸಿನಲ್ಲಿ ಬರುವರು, ನಿಂತುಕೊಂಡೇ. ಸೀಟು ಖಾಲಿ ಇದ್ದರೂ ಕಂಬಿ ಹಿಡಿದು, ಕಿಟಕಿಯಿಂದ ಲೈನಿನ ಕಂಬ ಎಣಿಸುತ್ತಾ ಬರುತ್ತಿದ್ದರು ಅಂತ ಕಂಡಕ್ಟರು ಹೇಳುತ್ತಿದ್ದ. ಕೊನೆಗೊಂದು ದಿನ ಬರಲಿಲ್ಲ.

ಹೋದ ತಿಂಗಳು ನ್ಯಾಮತಿಯಲ್ಲಿ ಅವರ ಹನ್ನೊಂದನೇ ದಿನದ ಕಾರ್ಯ. ಫೋಟೋಕ್ಕೆ ಹಾರ ಹಾಕಿದ್ದರು. ಬೇಡ ಅಂದಿದ್ದರು ಅಂತ ಯಾರಿಗೆ ಹೇಳುವುದು? ಪಕ್ಕದ ಗೋಡೆ ಖಾಲಿ ಇತ್ತು. ನನ್ನ ಕಣ್ಣು ಅಲ್ಲಿಗೇ ಹೋಗಿ ಹೋಗಿ ಬರುತ್ತಿತ್ತು. ಊಟಕ್ಕೆ ಕೂತಾಗ ಅಕ್ಕಾರು ಪಕ್ಕಕ್ಕೆ ಬಂದು ಕೂತು, ನನ್ನ ಎಲೆಗೆ ತಾವೇ ಪಾಯಸ ಬಡಿಸಿ, ಮೆಲ್ಲಗೆ ಕೇಳಿದರು.

"ನಿಮ್ಮ ಆ ನೋಟ್‌ಬುಕ್ಕು ಇಟ್ಟಿದೀರೇನವ್ವ?"

ಕೈಯಲ್ಲಿದ್ದ ತುತ್ತು ಎಲೆಗೆ ಇಳಿಯಿತು. "ಇಟ್ಟೀನಿ ಅಕ್ಕಾರೆ."

"ಅವರು ಯಾವಾಗ್ಲೂ ಹೇಳೋರು, 'ತಂಗಿ ನೋಟ್‌ಬುಕ್ಕಿನಾಗೆ ನಾನೂ ಒಂದು ಸಾಲು ಬರ್ದೀನಿ' ಅಂತ. ಏನ್ರೀ ಅದು ಅಂದ್ರೆ ನಗೋರು. ಮೂವತ್ತು ವರ್ಷದಾಗೆ ನಾನು ಬರ್ದದ್ದನ್ನ ಮೇಲಿನವರು ಓದಿದ್ದು ಅದೊಂದೇ ಅಂತಿದ್ರು. ಏನು ಬರ್ದಾರೆ ನೋಡಿ ಹೇಳವ್ವ. ನನಗೂ ಗೊತ್ತಾಗ್ಲಿ."

ಹೊನ್ನಾಳಿಗೆ ವಾಪಸ್ಸು ಬರುವ ಬಸ್ಸಿನಲ್ಲಿ ನನಗೂ ಕೂರಲಾಗಲಿಲ್ಲ. ಮನೆಗೆ ಬಂದು, ಸೀರೆ ಬದಲಿಸದೆ ಅಟ್ಟ ಹತ್ತಿದೆ. ಗಂಟು ಬಿಚ್ಚಿ, ಆ ವರ್ಷದ ಜನವರಿ ತೆಗೆದೆ. ಸಂಕ್ರಾಂತಿ ಮುಗಿದ ವಾರ. ನನ್ನ ನೀಲಿ ಅಕ್ಷರ: "ಎಳ್ಳುಬೆಲ್ಲ ಇನ್ನೂ ಒಂದು ಡಬ್ಬ ಉಳಿದಿದೆ. ಲೈನು ಸರಿ ಇದೆಯಾ ಅಂತ ಅಣ್ಣಾರು ಬಂದು ಹೊರಗಿನ ಗೋಡೆ ಹತ್ತಿರ ಏನೋ ಕೆದರಿ ಹೋದರು, ಚಾ ಕುಡಿಯಲಿಲ್ಲ. ಆಶ್ಚರ್ಯ, ಮಧ್ಯಾಹ್ನದಿಂದ ಲೈನು ಒಂದು ಸಲವೂ ಬಿದ್ದಿಲ್ಲ. ದೇವರು ದೊಡ್ಡವನು."

ಅಷ್ಟೇ. ಅಣ್ಣಾರ ಡಬ್ಬಿಯ ಮಾತು ನಾನು ಬರೆದೇ ಇಲ್ಲ. ಅದು ಎರಡು ತಿಂಗಳು ಹೊರಗಿನ ಗೋಡೆ ಮೇಲೆ, ಮಾವಯ್ಯನ ತಲೆಯ ಮೇಲೇ ಕೂತಿದ್ದದ್ದು ನನಗೆ ಗೊತ್ತೇ ಇರಲಿಲ್ಲ, ಅಲ್ಲಿ ಕಂಡದ್ದನ್ನು ಇಲಾಖೆಯ ಯಾವುದೋ ಪೆಟ್ಟಿಗೆ ಅಂದುಕೊಂಡಿದ್ದೆ. ಮುಂದಿನ ಪುಟಗಳಲ್ಲೂ ಹಾಗೇ. "ಇವತ್ತೂ ಬಿದ್ದಿಲ್ಲ." "ಒಂದೇ ಸಲ ಬಿತ್ತು." "ಬಿದ್ದಿಲ್ಲ, ಮಾವಯ್ಯನ ಕಾಲ್ಗುಣ." ಮಾರ್ಚ್ ಕೊನೆಯವರೆಗೆ ಹೀಗೇ ನಾನು ಯಾರ್ಯಾರದೋ ಪುಣ್ಯದ ಲೆಕ್ಕಕ್ಕೆ ಹಾಕಿ ಬರೆದಿದ್ದೆ. ಇದನ್ನು ಹೀಗೇ ಕಳಿಸಿದ್ದರೆ ಮಾರ್ಚ್ ಅಂತಲೇ ಆಗುತ್ತಿತ್ತು. ಕಾಗದ ಬರುತ್ತಿತ್ತು. ಆದರೆ ಡಬ್ಬಿ ಇದ್ದ ಎರಡು ತಿಂಗಳು ಡಬ್ಬಿ ಇಲ್ಲದ ಲೆಕ್ಕಕ್ಕೆ ಸೇರಿ, ಇಡೀ ಲೆಕ್ಕ ತಪ್ಪಾಗಿರುತ್ತಿತ್ತು.

ಅಂಚಿನಲ್ಲಿ, ನನ್ನ ಸಾಲಿನ ಪಕ್ಕದಲ್ಲಿ, ಅಣ್ಣಾರ ಕಪ್ಪು ಪೆನ್ನಿನಿಂದ, ವೈರಿನ ಹಾಗೆ ಒಂದಕ್ಕೊಂದು ಗಂಟು ಹಾಕಿದ ಅಕ್ಷರದಲ್ಲಿ, ಕೆಳಗೆ ಸಹಿ ಸಮೇತ ಇತ್ತು:

"ದೇವರಲ್ಲ ತಂಗಿ. ಡಬ್ಬಿ. ಬೆಳಿಗ್ಗೆ 11.20ಕ್ಕೆ ನಾನೇ ಹಾಕಿದ್ದು."